ಚಿತ್ರಕ್ಕೂ ಮಡಿ ಉಡಿಸುವವರಿಗೆ

ಗೆಳೆಯರೇ, ಜೇಬಿನಲ್ಲಿ ಐವತ್ತು ರೂಪಾಯಿಯ ನೀಲಿ ನೋಟಿದ್ದರೆ ಒಮ್ಮೆ ತೆಗೆದು ಹಿಂಬದಿ ನೋಡಿ. 2017ರ ಆಗಸ್ಟಿನಲ್ಲಿ ಹೊರಬಂದ ನೋಟು ಅದು. ಹಂಪಿಯ ಕಲ್ಲಿನ ರಥ ಇದೆ. ಪಕ್ಕದಲ್ಲೇ ಗಾಂಧಿಯ ಕನ್ನಡಕ, ಅದರ ಗಾಜಿನ ಮೇಲೆ ಸ್ವಚ್ಛ ಭಾರತ ಎಂಬ ಬರಹ. ಸುತ್ತ ಒಂದು ನರಪಿಳ್ಳೆ ಇಲ್ಲ. ರಥ ಇದೆ, ಕನ್ನಡಕ ಇದೆ, ಸ್ವಚ್ಛತೆಯೂ ಇದೆ. ಕಸಬರಿಗೆ ಎಲ್ಲಿ? ಕಸಬರಿಗೆ ಹಿಡಿದ ಕೈ ಎಲ್ಲಿ?

ನೋಟಿನ ಮಾತು ತಾನೇ ಅಂತ ತಳ್ಳಿಹಾಕಬೇಡಿ. ಇದೇ ಪ್ರಶ್ನೆ ನಮ್ಮ ಹೊಟ್ಟೆಪಾಡಿನ ಮೇಜಿಗೇ ಬಂತು. ನಾವು ಮೂವರು. ಮೂವರೂ ಕೇರಿಯಿಂದ ಬಂದವರು, ನಮ್ಮ ನಮ್ಮ ಮನೆಗೆ ನಾವೇ ಮೊದಲ ಡಿಗ್ರಿ. ಹಗಲು ಹೊಸಪೇಟೆಯ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಫೋಟೋ ತಿದ್ದುತ್ತೇವೆ. ರಾತ್ರಿ ಕವಿತೆ ತಿದ್ದುತ್ತೇವೆ. ಒಂದು ಹೋಟೆಲಿನವರು ತಮ್ಮ ಗೋಡೆಗೆ ಎಂಟಡಿ ಅಗಲದ ಹಂಪಿ ಬೇಕೆಂದರು. ವಿಠ್ಠಲ ದೇವಾಲಯದ ಅಂಗಳದಲ್ಲಿ ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ತೆಗೆದ ಫೋಟೋ. ನಟ್ಟನಡುವೆ ರಥ. ಎಡಗಡೆ ಮಂಟಪದ ಕಂಬಗಳು, ಅವುಗಳ ಒಳಗೆ ಕತ್ತಲು. ಬಲಗಡೆ, ಕಲ್ಲಿನ ಚಕ್ರದಿಂದ ಹತ್ತು ಹೆಜ್ಜೆ ಆಚೆ, ಸೊಂಟ ಬಗ್ಗಿಸಿ ಕಸ ಗುಡಿಸುತ್ತಿರುವ ಒಬ್ಬ ಹೆಣ್ಣುಮಗಳು. ಹೋಟೆಲಿನವರು ಕಳಿಸಿದ್ದು ಒಂದೇ ಸಾಲು: 'ಆ ಹೆಂಗಸನ್ನು ತೆಗೆಯಿರಿ, ಫ್ರೇಮ್ ಕ್ಲೀನ್ ಆಗಬೇಕು.'

ಕ್ಲೀನ್ ಅಂತೆ! ಅಂಗಳವನ್ನು ಕ್ಲೀನ್ ಮಾಡುತ್ತಿರುವವಳೇ ಚಿತ್ರದ ಕೊಳೆ! ಕ್ಲೀನ್ ಫ್ರೇಮ್ ಅನ್ನುವ ಮಾತಿಗೆ ನಮ್ಮ ಕೇರಿಯ ಕನ್ನಡದಲ್ಲಿ ಒಂದು ಹಳೆಯ ಶಬ್ದ ಇದೆ. ಮಡಿ. ಗುಡಿಯ ಹೊಸ್ತಿಲಲ್ಲಿ ಕೇಳಿದ್ದೆವು, ಬಾವಿಯ ಕಟ್ಟೆಯಲ್ಲಿ ಕೇಳಿದ್ದೆವು. ಈಗ ಕಂಪ್ಯೂಟರಿನ ತೆರೆಯ ಮೇಲೂ ಬಂದು ಕೂತಿದೆ.

ಆಮೇಲೆ ಈ ಒಂದೇ ಫೋಟೋವನ್ನು ನಾಲ್ಕು ಬಗೆಯಲ್ಲಿ ತಿದ್ದಿದೆವು. ನಾಲ್ಕರ ಕಥೆಯನ್ನೂ ಹೇಳುತ್ತೇವೆ. ಯಾರ ಮೇಲೆ ಸಿಟ್ಟಾಗಬೇಕು ಎಂಬುದನ್ನು ನೀವೇ ನಿರ್ಧರಿಸಿ. ಸಿಟ್ಟಿನ ಒಂದು ಪಾಲು ನಮಗೂ ಸಲ್ಲುತ್ತದೆ.

ಮೊದಲನೆಯದು ಹೋಟೆಲಿನ ಚಿತ್ರ. ಕ್ಯಾಮೆರಾ ಮೇಲೆತ್ತಿ ಹಿಡಿದಿದ್ದರಿಂದ ಕಂಬಗಳು ಒಳಕ್ಕೆ ವಾಲಿದ್ದವು, ನೆಟ್ಟಗೆ ಮಾಡಿದೆವು. ಬೇಸಿಗೆಯ ಆಕಾಶ ಬೆಳ್ಳಗೆ ಸುಟ್ಟುಹೋಗಿತ್ತು. ಫೋಟೋಶಾಪಿನಲ್ಲಿ 2020ರಿಂದ ಆಕಾಶ ಬದಲಿಸುವ ಗುಂಡಿಯೇ ಇದೆ, ಒತ್ತಿದೆವು. ಯಾವುದೋ ಊರಿನ ಮೋಡ ಬಂದು ಹಂಪಿಯ ಮೇಲೆ ನಿಂತಿತು. ಕೊನೆಗೆ ಆ ಹೆಣ್ಣುಮಗಳು. ಅವಳ ಸುತ್ತ ಒಂದು ಗೆರೆ ಎಳೆದೆವು. 2010ರಿಂದ ಆ ಸಾಫ್ಟ್‌ವೇರಿಗೆ ಒಂದು ವಿದ್ಯೆ ಗೊತ್ತು: ಗೆರೆಯ ಒಳಗಿದ್ದುದನ್ನು ಅಳಿಸಿ, ಅಕ್ಕಪಕ್ಕದ ಚುಕ್ಕಿಗಳನ್ನು ತಂದು ತೇಪೆ ಹಾಕುತ್ತದೆ. 2023ರಿಂದ ಕೃತಕ ಬುದ್ಧಿ ಇಲ್ಲದ್ದನ್ನೂ ಕಲ್ಪಿಸಿ ತುಂಬುತ್ತದೆ. ಅವಳು ಯಾವ ಹಾಸುಗಲ್ಲನ್ನು ಗುಡಿಸುತ್ತಿದ್ದಳೋ ಅದೇ ಹಾಸುಗಲ್ಲನ್ನು ತಂದು ಅವಳ ಮೇಲೆ ಹೊದಿಸಿದೆವು. ಹನ್ನೊಂದು ಸೆಕೆಂಡಿನ ಕೆಲಸ. ಸುಳ್ಳು ಹೇಳುವುದಿಲ್ಲ ಗೆಳೆಯರೇ, ನಮ್ಮ ಕೈಯಾರೆ ಮಾಡಿದೆವು. ಮನೆ ಬಾಡಿಗೆ ಕಟ್ಟಬೇಕಿತ್ತು.

ಇದು ಕಂಪ್ಯೂಟರ್ ತಂದ ಪಾಪ ಅನ್ನುವವರು ಸ್ವಲ್ಪ ಚರಿತ್ರೆ ಓದಲಿ. 1838ರಲ್ಲಿ ಪ್ಯಾರಿಸಿನ ಒಂದು ಬೀದಿಯನ್ನು ದಾಗೇರ್ ಎಂಬಾತ ತನ್ನ ತಟ್ಟೆಯ ಮೇಲೆ ಮೂಡಿಸಿದ. ಬೆಳಕು ಮೂಡಲು ನಿಮಿಷಗಟ್ಟಲೆ ಬೇಕಾಗಿದ್ದ ಕಾಲ. ಗಾಡಿ, ಕುದುರೆ, ಜನ ಎಲ್ಲ ಓಡಾಡುತ್ತಿದ್ದರಿಂದ ಒಬ್ಬರೂ ಉಳಿಯಲಿಲ್ಲ. ಕಟ್ಟಡಗಳು ಉಳಿದವು. ಬೀದಿಯ ಮೂಲೆಯಲ್ಲಿ ನಿಂತು ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತಿದ್ದ ಒಬ್ಬಾತ ಉಳಿದ. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯ ಎಂದು ಜಗತ್ತು ಅವನನ್ನು ಕೊಂಡಾಡುತ್ತದೆ. ಅವನ ಕಾಲ ಬುಡದಲ್ಲಿ ಕೂತು ಪಾಲಿಷ್ ಹಾಕುತ್ತಿದ್ದವನು? ಅವನೂ ಚಿತ್ರದಲ್ಲಿದ್ದಾನೆ, ಮಸುಕು ಮಸುಕಾಗಿ. ಕಾಲು ಚಾಚಿ ನಿಂತವನಿಗೆ ಚರಿತ್ರೆ, ಕೈ ಆಡಿಸಿದವನಿಗೆ ಮಸುಕು! ಬೂಟು ಹೊಲಿದವರ, ಒರೆಸಿದವರ ಮಕ್ಕಳಾದ ನಮಗೆ ಈ ಚಿತ್ರವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಇಂದಿನ ಇನ್ನೊಂದು ವಿಧಾನವೂ ಇದೇ ವಂಶದ್ದು. ಒಂದೇ ಜಾಗದಿಂದ ಇಪ್ಪತ್ತು ಫೋಟೋ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ಪ್ರತಿ ಚುಕ್ಕಿಗೂ ಆ ಇಪ್ಪತ್ತರ ನಡುಮಟ್ಟದ ಬಣ್ಣವನ್ನು ಆರಿಸುತ್ತದೆ. ಒಂದೆರಡು ಫೋಟೋದಲ್ಲಿ ಮಾತ್ರ ಅಲ್ಲಿದ್ದವರು ಲೆಕ್ಕಕ್ಕೆ ಬರುವುದಿಲ್ಲ, ತಾವಾಗಿಯೇ ಮಾಯವಾಗುತ್ತಾರೆ. ಕುರ್ಚಿಯಲ್ಲಿ ಕದಲದೆ ಕೂತವನು ಉಳಿಯುತ್ತಾನೆ, ನಡೆದಾಡಿ ದುಡಿಯುವವಳು ಅಳಿಯುತ್ತಾಳೆ. ಇದರಲ್ಲಿ ಜಾತಿ ಎಲ್ಲಿದೆ, ಇದು ಬರೀ ಗಣಿತ ಅನ್ನುತ್ತಾರೆ. ಸ್ವಾಮಿ, ನಮ್ಮ ಊರಿನ ಗಣಿತವೂ ಇದೇ ಅಲ್ಲವೇ?

ಎರಡನೆಯದು 'ಮುಟ್ಟದ' ಚಿತ್ರ. ಕಲೆಯ ಬಗ್ಗೆ ಓದಿಕೊಂಡ ಒಬ್ಬ ಗೆಳೆಯ ಹೇಳಿದ: 'ಯಾವುದನ್ನೂ ಮುಟ್ಟಬೇಡಿ, ಕ್ಯಾಮೆರಾ ಕೊಟ್ಟದ್ದೇ ಸತ್ಯ.' ಸರಿ, ಮುಟ್ಟದೆ ಅಚ್ಚು ಹಾಕಿ ನೋಡಿದೆವು. ಅವಳು ಉಳಿದಳು ನಿಜ. ಕಂಬ ವಾಲಿಯೇ ಇದ್ದವು. ಮಂಟಪದ ಒಳಗಿನದೆಲ್ಲ ಕರಿ ಮಸಿ. ಮುಟ್ಟದಿರುವುದೇ ಶುದ್ಧ ಎಂಬ ಮಾತು ನಮ್ಮ ಕಿವಿಗೆ ಹೇಗೆ ಕೇಳುತ್ತದೆ ಎಂದು ಬಿಡಿಸಿ ಹೇಳಬೇಕೆ? ಕ್ಯಾಮೆರಾದ ಒಳಗೂ ಶುದ್ಧ ಎಂಬುದಿಲ್ಲ. ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಒಂದೊಂದು ಚುಕ್ಕಿಯೂ ಕೆಂಪು, ಹಸಿರು, ನೀಲಿ ಮೂರರಲ್ಲಿ ಒಂದನ್ನಷ್ಟೇ ಅಳೆಯುತ್ತದೆ. ಉಳಿದೆರಡನ್ನು ನೆರೆಯ ಚುಕ್ಕಿಗಳಿಂದ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಅಂದರೆ ಬಣ್ಣದ ಮೂರು ಪಾಲಿನಲ್ಲಿ ಎರಡು ಪಾಲು ಊಹೆ.

ಹೋಗಲಿ, ಆ ರಥವಾದರೂ ತಿದ್ದದ ರಥವೇ? ಅದರ ಮುಂದಿರುವ ಆನೆಗಳು ಮೊದಲಿನವಲ್ಲ. ಮೊದಲು ಅಲ್ಲಿ ಕುದುರೆಗಳಿದ್ದವು, ಆನೆಗಳ ಹಿಂದೆ ಅವುಗಳ ಬಾಲದ, ಕಾಲಿನ ಗುರುತು ಇನ್ನೂ ಇದೆ. 1856ರಲ್ಲಿ ಕಂಪನಿ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣಕಾಗದದ ನೆಗೆಟಿವಿನಲ್ಲಿ ಹಂಪಿಯನ್ನು ಹಿಡಿದ. ಆ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಇದೆ. ಇವತ್ತು ಹೋಗಿ ನೋಡಿ, ಇಲ್ಲ. ಅದನ್ನು ಇಳಿಸಿದ ಮೇಲಿನ ರಥವನ್ನೇ ನಾವು ನೋಟಿನ ಮೇಲೆ ನೋಡಿ 'ಪುರಾತನ' ಎನ್ನುತ್ತೇವೆ. ಅದೇ 1850ರ ದಶಕದಲ್ಲಿ ಫ್ರಾನ್ಸಿನ ಲ ಗ್ರೇ ಎಂಬಾತ ಸಮುದ್ರವನ್ನು ಒಂದು ನೆಗೆಟಿವಿನಿಂದ, ಆಕಾಶವನ್ನು ಇನ್ನೊಂದರಿಂದ ತೆಗೆದು ಜೋಡಿಸುತ್ತಿದ್ದ. ಆಕಾಶ ಬದಲಿಸುವ ಗುಂಡಿಗೆ ನೂರೆಪ್ಪತ್ತು ವರ್ಷದ ಅಜ್ಜ ಇದ್ದಾನೆ. ತಿದ್ದುವುದು ಸರಿಯೋ ತಪ್ಪೋ ಎಂಬ ಪಂಡಿತರ ಜಗಳ ನಮಗೆ ಬೇಡ. ನಾವು ಕೇಳುವುದು ಇಷ್ಟು: ತಿದ್ದುವಾಗ ಯಾರನ್ನು ಕೇಳಿದಿರಿ? ಯಾರು ಹೋದರು, ಯಾರು ಉಳಿದರು?

ಯಾಕೆಂದರೆ ಕಾಗದದ ಮೇಲೆ ಕಲಿತ ಮಡಿ ಕಾಗದದ ಮೇಲೇ ನಿಲ್ಲುವುದಿಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡು ಜನ ಬದುಕುತ್ತಿದ್ದರು. 2011ರ ಜುಲೈನಲ್ಲಿ ಜೆಸಿಬಿ ಬಂತು. ಸ್ಮಾರಕಕ್ಕೆ ಧಕ್ಕೆಯಾಗಿದೆ ಅಂದರು, ಕೆಡವಿದರು. ಕಲ್ಲಿಗೆ ಧಕ್ಕೆಯಾಗಿರಬಹುದು, ಕಲ್ಲನ್ನು ಉಳಿಸಬೇಕು ಅನ್ನುವುದರಲ್ಲಿ ನಮಗೂ ತಕರಾರಿಲ್ಲ. ಆದರೆ ಬಜಾರು ಅಂತ ಹೆಸರಿಟ್ಟುಕೊಂಡ ಬೀದಿಯಲ್ಲಿ ಮಾರುವವರೂ ಬೇಡ, ಕೊಳ್ಳುವವರೂ ಬೇಡ, ಬರೀ ಕಂಬ ಸಾಕು ಅನ್ನುವ ಕಣ್ಣು ಎಲ್ಲಿಂದ ಬಂತು? ಕ್ಲೀನ್ ಫ್ರೇಮಿನಿಂದ ಬಂತು. ನಾವು ಮೌಸಿನಿಂದ ಒಬ್ಬಳ ಸುತ್ತ ಗೆರೆ ಎಳೆದೆವು, ಅವರು ಜೆಸಿಬಿಯಿಂದ ಒಂದು ಬೀದಿಯ ಸುತ್ತ ಎಳೆದರು.

ಈಗ ಮೂರನೆಯ ಚಿತ್ರ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಹೋಟೆಲಿನ ಮೇಲಿನ ಸಿಟ್ಟಿನಲ್ಲಿ, ಇಂಥದೇ ಒಂದು ಪತ್ರಿಕೆಯ ಮುಖಪುಟಕ್ಕೆಂದು, ನಾವೇ ಒಂದು ಚಿತ್ರ ಮಾಡಿದೆವು. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದೆವು. ರಥವನ್ನು ಅರ್ಧಕ್ಕೆ ಕತ್ತರಿಸಿ ಅವಳನ್ನು ದೊಡ್ಡದು ಮಾಡಿದೆವು. ಮುಖದ ಗೆರೆಗಳನ್ನು ಆಳ ಮಾಡಿದೆವು, ಚರ್ಮವನ್ನು ಇನ್ನೂ ಕಪ್ಪು ಮಾಡಿದೆವು, ಹಿಂದಿನ ಆಕಾಶಕ್ಕೆ ಬಿರುಗಾಳಿ ತಂದೆವು. ಎದೆಯುಬ್ಬಿತು. ಆಹಾ, ಇದು ನಮ್ಮ ತಾಯಿ, ಇದು ಬಂಡಾಯ!

ಮರುವಾರ ಅವಳಿಗೆ ತೋರಿಸಲು ಹೋದೆವು. ಬುತ್ತಿ ಬಿಚ್ಚುತ್ತಿದ್ದವಳು ಕೈ ಒರೆಸಿಕೊಂಡು ಫೋಟೋ ಹಿಡಿದಳು. ಬಹಳ ಹೊತ್ತು ನೋಡಿ ಕೇಳಿದಳು: 'ಈ ಮಾರಿ ಯಾರ್ದು ತಮ್ಮಾ? ನಾ ಇಷ್ಟ್ ಮುದುಕಿ ಆಗೀನೇನು?'

ನಾವು ತುಟಿ ಬಿಚ್ಚಲಿಲ್ಲ. ಹೋಟೆಲಿನವರು ಅವಳನ್ನು ಕೇಳದೆ ಅಳಿಸಿದ್ದರು. ನಾವು ಅವಳನ್ನು ಕೇಳದೆ ಬಳಸಿದ್ದೆವು. ಅವರಿಗೆ ಬೇಕಿದ್ದದ್ದು ಮಡಿ, ನಮಗೆ ಬೇಕಿದ್ದದ್ದು ಮುಖಪುಟ. ಸಾಹಿತ್ಯದಲ್ಲಿ ನಾವು ಎಲ್ಲಿದ್ದೇವೆ ಎಂದು ನಮ್ಮ ಹಿರಿಯರು ಎಪ್ಪತ್ತರ ದಶಕದಲ್ಲಿ ಕೇಳಿದರು. ಆ ಪ್ರಶ್ನೆಯಿಂದಲೇ ನಮಗೆ ಪೆನ್ನು ಸಿಕ್ಕಿತು. ಪೆನ್ನು ಸಿಕ್ಕವರು, ಮೌಸ್ ಸಿಕ್ಕವರು, ಅದು ಸಿಗದವರನ್ನು ಏನು ಮಾಡುತ್ತಿದ್ದೇವೆ? ಡಿಗ್ರಿ ಮುಗಿಸಿದ ಬಂಡಾಯಗಾರರೇ, ಈ ಪ್ರಶ್ನೆಗೆ ಸಮ್ಮೇಳನದ ನಿರ್ಣಯದಲ್ಲಿ ಉತ್ತರ ಸಿಗುವುದಿಲ್ಲ.

'ಹಂಗಾರ ಹೆಂಗ್ ಮಾಡೂಣ ಅಕ್ಕಾ, ನೀನೇ ಹೇಳು' ಅಂದೆವು. ಲ್ಯಾಪ್‌ಟಾಪು ತೆರೆದು ಮೂಲ ಫೋಟೋ ಅವಳ ಮುಂದಿಟ್ಟೆವು. ನಾಲ್ಕನೆಯ ಚಿತ್ರ ಹೀಗೆ ಆಯಿತು.

ಮೊದಲ ಮಾತೇ ಕಂಬದ್ದು. 'ಇವು ಯಾಕ ಹಿಂಗ ವಾಲ್ಯಾವ? ದಿನಾ ನೋಡ್ತೀನಲ್ಲ, ನೆಟ್ಟಗ ಅದಾವ.' ನೆಟ್ಟಗೆ ಮಾಡಿದೆವು. ಮುಟ್ಟದ ಚಿತ್ರವೇ ಸತ್ಯ ಎಂಬ ಸಿದ್ಧಾಂತ ಅಲ್ಲೇ ಬಿತ್ತು. ಆಕಾಶ? 'ಬ್ಯಾಸಗ್ಯಾಗ ಬೆಳ್ಳಗ ಇರತೈತಿ, ಇರ್ಲಿ ಬಿಡ್ರಿ.' ಬಿಟ್ಟೆವು. ಮಂಟಪದ ಕತ್ತಲನ್ನು ಮೆಲ್ಲಗೆ ಬೆಳಗಿಸಿದೆವು. ಕಂಬದ ಬುಡದಲ್ಲಿ ಒಂದು ಚೀಲ, ಒಂದು ನೀರಿನ ಬಾಟಲಿ ಕಂಡವು. 'ನಂದs ಅದು ಬುತ್ತಿ ಚೀಲ!' ಅಂತ ನಕ್ಕಳು. ಫೋಟೋದಲ್ಲಿ ಮೊದಲಿನಿಂದಲೂ ಇತ್ತು ಅದು, ನಮಗೆ ಕಂಡಿರಲಿಲ್ಲ. ಸೀರೆಯ ಬಣ್ಣ ಹಸಿರು, ಹಸಿರೇ ಇರಲಿ ಅಂದಳು.

ಆಮೇಲೆ ದನಿ ತಗ್ಗಿಸಿದಳು. 'ಮಾರಿ ಕಾಣಂಗ ಹಾಕಬ್ಯಾಡ್ರಿ ತಮ್ಮಾ. ಗುತ್ತಿಗೆದಾರ ನೋಡಿದಾ ಅಂದ್ರ ನಾಳಿಂದ ಬರಬ್ಯಾಡ ಅಂತಾನ. ಆದ್ರ ಕಸಬರಿಗಿ ಇರ್ಲಿ. ಗುಡಿಸಿದ ಜಾಗ ಇರ್ಲಿ. ನಾ ಗುಡಿಸಿದ್ದು ಸುಳ್ಳಲ್ಲಲ್ಲ.'

ಹಾಗೇ ಮಾಡಿದೆವು. ಸೆರಗಿನ ನೆರಳನ್ನು ಅವಳ ಮುಖದ ಮೇಲೆ ಎಳೆದೆವು. ನಾವೂ ಒಂದು ಮುಖವನ್ನು ಮರೆಮಾಡಿದೆವು, ಒಪ್ಪುತ್ತೇವೆ. ಆದರೆ ಯಾರು ಹೇಳಿ ಮಾಡಿಸಿದರು ನೋಡಿ. ಮುಖ ಮುಚ್ಚಿಕೊಳ್ಳುವ ಹಕ್ಕು ಅವಳದು. ಮುಚ್ಚಿಕೊಳ್ಳಬೇಕಾಗಿ ಬಂದ ನಾಚಿಕೆ ಗುತ್ತಿಗೆ ಪದ್ಧತಿಯದು, ಅದನ್ನು ಸಾಕುತ್ತಿರುವ ವ್ಯವಸ್ಥೆಯದು.

ಶಾಸನಗಳನ್ನು ಓದುವ ವಿದ್ವಾಂಸರೇ, ದಾನ ಕೊಟ್ಟವರ ಹೆಸರು ಕಲ್ಲಿನ ಮೇಲೆ ಸಿಗುತ್ತದೆ. ಆ ಕಲ್ಲನ್ನು ಬೆಟ್ಟದಿಂದ ಇಳಿಸಿದವರ ಹೆಸರು ಹುಡುಕಿ ಕೊಡಿ. ಅಂದು ಉಳಿಯಿಂದ ಬಿಟ್ಟುಹೋದವರು ಇಂದು ಮೌಸಿನಿಂದ ಅಳಿಸಿಹೋಗುತ್ತಿದ್ದಾರೆ. ಅಳಿಸಲು ಕೂರಿಸಿರುವುದು ಅವರ ಮಕ್ಕಳನ್ನೇ.

ಸ್ಟುಡಿಯೋಗಳಲ್ಲಿ ದುಡಿಯುವ ತಮ್ಮಂದಿರೇ, ಕಂಬ ನೆಟ್ಟಗೆ ಮಾಡಿ, ಕತ್ತಲು ತೆರೆಯಿರಿ, ಹೊಟ್ಟೆಪಾಡಿಗೆ ಆಕಾಶವನ್ನೂ ಬದಲಿಸಿ. ಮನುಷ್ಯರ ಸುತ್ತ ಗೆರೆ ಎಳೆಯುವ ಮೊದಲು ಕೈ ತಡೆಯಿರಿ. ತಡೆಯಲಾಗದಿದ್ದರೆ ಮೂಲ ಫೋಟೋವನ್ನಾದರೂ ಅಳಿಸಬೇಡಿ, ಕಾದಿಡಿ. ಅದು ಸಾಕ್ಷಿ. ಚಿತ್ರ ಅಚ್ಚು ಹಾಕುವವರೇ, ಏನು ತೆಗೆದಿರಿ ಎಂದು ಕೆಳಗೆ ಒಂದು ಸಾಲು ಬರೆಯಿರಿ: 'ಇಲ್ಲಿ ಒಬ್ಬಳು ಗುಡಿಸುತ್ತಿದ್ದಳು, ತೆಗೆದಿದ್ದೇವೆ.' ಬರೆಯಲು ನಾಚಿಕೆಯಾದರೆ ತೆಗೆಯಬೇಡಿ. ಹಳ್ಳಿಯ ಮೇಷ್ಟ್ರೇ, ಪಾಠದ ಪುಸ್ತಕದಲ್ಲಿ ಹಂಪಿಯ, ಹಳೇಬೀಡಿನ, ವಿಜಾಪುರದ ಖಾಲಿ ಚಿತ್ರಗಳು ಬರುತ್ತವೆ. ಯಾರು ಕಟ್ಟಿಸಿದರು ಎಂದು ಕೇಳಿದ ಮೇಲೆ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಕೇಳಿ: ಈ ಚಿತ್ರದಲ್ಲಿ ಯಾರಿಲ್ಲ?

ಹೋಟೆಲಿನ ಗೋಡೆಯ ಮೇಲೆ ಮೊದಲನೆಯ ಚಿತ್ರವೇ ತೂಗುತ್ತಿದೆ, ಯಾವುದೋ ಊರಿನ ಮೋಡದ ಕೆಳಗೆ. ನಾಲ್ಕನೆಯದರ ಒಂದು ಪ್ರತಿ ಅವಳ ಮನೆಯಲ್ಲಿದೆ, ಒಂದು ನಮ್ಮ ಮೇಜಿನ ಮೇಲಿದೆ. ತಿಂಗಳ ಕೊನೆಗೆ ನಮ್ಮ ಸಂಬಳದಲ್ಲೂ ಅವಳ ಕೂಲಿಯಲ್ಲೂ ಅದೇ ನೀಲಿ ನೋಟು ಬರುತ್ತದೆ. ಅವಳು ಅದನ್ನು ಎಣಿಸಿ, ಮಡಚಿ, ಎಲೆಯಡಿಕೆ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ತಾನಿಲ್ಲದ ಅಂಗಳದ ಚಿತ್ರ ಅದು. ನಾಳೆ ಬೆಳಿಗ್ಗೆ ಅದೇ ಅಂಗಳ ಗುಡಿಸಬೇಕು.