ಹಳೆಯ ಜೆಟ್ಟು

ಕೆಟ್ಟ ಯಂತ್ರಕ್ಕೆ ಹೊಸ ಸಾಮಾನಿಗಿಂತ ಮೊದಲು ಬೇಕಾದುದು ತಪ್ಪೊಪ್ಪಿಕೊಳ್ಳುವ ಧೈರ್ಯವೆಂದು ನನ್ನ ಅಭಿಪ್ರಾಯ. ಬಿ.ಎ. ಓದುವವನಿಗೆ ಯಂತ್ರದ ಮಾತೇಕೆಂದು ಮಿತ್ರರು ನಗಬಹುದು, ನಗಲಿ.

ಕಳೆದ ಬೇಸಗೆ ರಜೆಯಲ್ಲಿ, ವೇಣೂರಿನ ನಮ್ಮ ಮನೆಯಂಗಳದಲ್ಲಿ, ಅಣ್ಣನೂ ನಾನೂ ಹಳೆಯ ಮಾರುತಿ 800 ಕಾರಿನ ಶಕ್ತಿ ಹೆಚ್ಚಿಸಹೊರಟು, ಕಾರ್ಬುರೇಟರಿಗೆ ದೊಡ್ಡ ತೂತಿನ ಜೆಟ್ಟನ್ನು ಹಾಕಿದೆವು. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಮನೆಗಿದ್ದುದು ಆ ಕಾರೊಂದೇ. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ನಾವು ಪೆಟ್ರೋಲನ್ನಷ್ಟೇ ಹೆಚ್ಚಿಸಿದ್ದೆವು. ಗಾಳಿ ಇದ್ದಷ್ಟೇ ಇತ್ತು. ಕರಿಹೊಗೆ ಬಂತು, ಪ್ಲಗ್ಗುಗಳಿಗೆ ಮಸಿ ಹಿಡಿಯಿತು, ಕಾರು ಮೊದಲಿಗಿಂತ ಮಂದವಾಯಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಾಚಿಕೆ ಬಿಡಲಿಲ್ಲ. ಡಿಸ್ಟ್ರಿಬ್ಯೂಟರನ್ನು ತಿರುಗಿಸಿ, ಕಿಡಿ ಇನ್ನೂ ಬೇಗ ಹಾರುವಂತೆ ಮಾಡಿದೆವು. ಮೂಡುಬಿದಿರೆ ರಸ್ತೆಯ ಏರಿನಲ್ಲಿ ಎಂಜಿನು ಕಟಕಟನೆ ಬಡಿಯತೊಡಗಿತು. ಹಾಗೆಯೇ ಓಡಿಸಿದರೆ ಪಿಸ್ಟನ್ನಿಗೇ ಅಪಾಯ.

"ಮೊದಲು ಇದ್ದದ್ದನ್ನೇ ಹಾಕಿ ನೋಡಬಾರದಾ ಮಕ್ಕಳೇ?" ಎಂದರು ಅಮ್ಮ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಿಂದಕ್ಕೆ ಹೋಗುವುದೆಂದರೆ ಸೋಲೆಂದು ತಿಳಿದವರು ಕಾಲೇಜು ಕಂಡ ನಾವು!

ಹಲ್ಲುಪುಡಿ ಡಬ್ಬಿಯಲ್ಲಿದ್ದ ಹಳೆಯ ಜೆಟ್ಟನ್ನು ಹಾಕಿ, ಪ್ಲಗ್ಗುಗಳನ್ನು ಉಜ್ಜಿ, ಕಿಡಿಯನ್ನು ಮೊದಲಿನ ಗುರುತಿಗೇ ತಂದೆವು. ಸಂಜೆಯೊಳಗೆ ಬಡಿತ ನಿಂತಿತು. ಸೋಮವಾರ ಅಜ್ಜಿ ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದರು. ಅಣ್ಣ ಮಾತ್ರ ಆ ದೊಡ್ಡ ಜೆಟ್ಟನ್ನು ಇನ್ನೂ ಎಸೆದಿಲ್ಲ.