ಒಂದು ಗಳಿಗೆ ಮಲಗಲು ಬಿಡಿ

ಮಧ್ಯಾಹ್ನದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಅರ್ಧ ಗಂಟೆ ಅಡ್ಡಾಗೋಣವೆಂದು ಚಾಪೆ ಹಾಸಿರುತ್ತೇನೆ. ಕಣ್ಣು ಹತ್ತುವಷ್ಟರಲ್ಲಿ 'ಅಮ್ಮಾ, ಕತ್ತರಿ ಎಲ್ಲಿ?' ಮತ್ತೆ ಕಣ್ಣು ಮುಚ್ಚಿದರೆ 'ಏನೇ, ಕೊರಿಯರ್ ಬಂತಾ?' ಕೊನೆಗೆ ನಿದ್ದೆಯೂ ಇಲ್ಲ, ಕೆಲಸವೂ ಇಲ್ಲ. 'ಮಧ್ಯಾಹ್ನವೆಲ್ಲ ಮಲಗಿದ್ದೆಯಲ್ಲ, ಇನ್ನೇನು ಸುಸ್ತು?' ಎಂಬ ಮಾತು ಬೇರೆ.

ನನ್ನ ಲ್ಯಾಪ್‌ಟಾಪಿನ ಪಾಡೂ ಇದೇ ಎಂದು ತಿಳಿದಾಗ ಅದರ ಮೇಲೆ ಅಕ್ಕರೆಯೇ ಹುಟ್ಟಿತು. ನಾವೇನೂ ಮಾಡದಿದ್ದಾಗ ಅದರ ಪ್ರೊಸೆಸರ್ ತನ್ನ ಭಾಗಗಳನ್ನು ಆರಿಸಿಕೊಂಡು ನಿದ್ದೆಗೆ ಜಾರುತ್ತದೆ. ನಿದ್ದೆ ಆಳವಾದಷ್ಟೂ ವಿದ್ಯುತ್ ಉಳಿತಾಯ. ಆದರೆ ಆಳಕ್ಕಿಳಿಯಲೂ ಮೇಲೇಳಲೂ ಸಮಯ, ಶಕ್ತಿ ಎರಡೂ ಬೇಕು. ತೆರೆಯ ಹಿಂದೆ ಕೂತ ತಂತ್ರಾಂಶಗಳು ಕ್ಷಣಕ್ಷಣಕ್ಕೂ 'ಹೊಸದೇನಾದರೂ ಬಂತೇ?' ಎಂದು ತಟ್ಟಿ ಎಬ್ಬಿಸುತ್ತಿದ್ದರೆ ಪಾಪ, ಅದಕ್ಕೆ ಬರೀ ಕೋಳಿನಿದ್ದೆ. ಸಂಜೆಯ ಹೊತ್ತಿಗೆ ಬ್ಯಾಟರಿ ಖಾಲಿ. ಬೈಗುಳ ಯಾರಿಗೆ? ಬಳಸಲು ಬಾರದವಳೆಂದು ನನಗೆ!

ಕುಕ್ಕರ್ ಇಟ್ಟವಳು ನಿಮಿಷಕ್ಕೊಮ್ಮೆ ಓಡಿಹೋಗಿ ನೋಡುತ್ತಾಳೆಯೇ? ಕೂಗಿದಾಗ ಹೋಗುತ್ತಾಳೆ. ಇಷ್ಟು ಬುದ್ಧಿ ತಂತ್ರಾಂಶ ಬರೆಯುವವರಿಗೆ ಬೇಡವೇ? 'ನಾನು ಎಬ್ಬಿಸುವುದು ಒಂದೇ ಕ್ಷಣ, ಅದೇನು ಮಹಾ?' ಎನ್ನುತ್ತಾರೆ. ಮನೆಯಲ್ಲಿರುವ ಹತ್ತು ಜನರೂ ಹಾಗೇ ಅನ್ನುತ್ತಾರೆ, ಸ್ವಾಮಿ!

ಇದು ಆಗದ ಕೆಲಸವೇನಲ್ಲ. ಹಿಂದೆ ಲಿನಕ್ಸ್‌ನಲ್ಲಿ ಕೆಲಸವಿರಲಿ ಬಿಡಲಿ, ಸೆಕೆಂಡಿಗೆ ನೂರರಿಂದ ಸಾವಿರ ಸಲ ಗಂಟೆ ಬಾರಿಸುವ ಪದ್ಧತಿಯಿತ್ತು. 2007ರಲ್ಲಿ ಬಂದ ಅದರ 2.6.21ನೆಯ ಆವೃತ್ತಿ, ಸುಮ್ಮನಿದ್ದಾಗ ಆ ಗಂಟೆಯನ್ನು ನಿಲ್ಲಿಸುವುದನ್ನು ಕಲಿಯಿತು. ಅದೇ ವರ್ಷ ಇಂಟೆಲ್ 'ಪವರ್‌ಟಾಪ್' ಹೊರತಂದಿತು. ಯಾರು ಎಷ್ಟು ಸಲ ಎಬ್ಬಿಸಿದರೆಂದು ಹೆಸರು ಹಿಡಿದು ಹೇಳುವ ಒಳ್ಳೆಯ ಚಾಡಿಕೋರ ಅದು. 2013ರಲ್ಲಿ ಆಪಲ್ ತನ್ನ 'ಮ್ಯಾವರಿಕ್ಸ್'ನಲ್ಲಿ ಹತ್ತು ಕರೆಗಳನ್ನು ಗಂಟುಕಟ್ಟಿ ಒಂದೇ ಸಲ ಎಬ್ಬಿಸುವ ಉಪಾಯ ತಂದಿತು. 2015ರ ಆಂಡ್ರಾಯ್ಡ್ 6, ಅಲುಗದೆ ಬಿದ್ದಿರುವ ಫೋನನ್ನು ಮಲಗಿಸಿ, ಆಗೊಮ್ಮೆ ಈಗೊಮ್ಮೆ ಮಾತ್ರ ಎಬ್ಬಿಸತೊಡಗಿತು.

ದಾರಿ ಇದ್ದೂ ನಡೆಯದವರನ್ನು ಏನೆನ್ನಬೇಕು? ಬಿಲ್ಲು ಕಟ್ಟುವವರು ನಾವು, ಬ್ಯಾಟರಿ ಸತ್ತರೆ ಹೊಸದು ಕೊಳ್ಳುವವರೂ ನಾವು. ಅವರಿಗೇನು ನಷ್ಟ? ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್ ಎಷ್ಟು ಬ್ಯಾಟರಿ ತಿಂದಿತೆಂಬ ಪಟ್ಟಿ ಇರುತ್ತದೆ. ಇವತ್ತೇ ತೆಗೆದು ನೋಡಿ. ತೆರೆಯದೆಯೇ ತಿಂದವರಿಗೆ ಬಾಗಿಲು ತೋರಿಸಿ.

ಸುಮ್ಮನಿರುವುದು ಸೋಮಾರಿತನವಲ್ಲ, ಮುಂದಿನ ಕೆಲಸಕ್ಕೆ ಉಳಿಸಿಕೊಂಡ ತ್ರಾಣ. ಈ ನ್ಯಾಯವನ್ನು ಮನೆಯವರಿಗೂ ಓದಿ ಹೇಳಿ. ಕತ್ತರಿ, ಕೊರಿಯರ್, ಕಾಫಿ, ಎಲ್ಲವನ್ನೂ ನಾಲ್ಕು ಗಂಟೆಗೆ ಒಟ್ಟಿಗೇ ಕೇಳಲಿ.