ಖಾಲಿ ಬಿಡಿಎಸ್ ಸೀಟಿಗೆ ಮೊದಲು ಶುಲ್ಕ ಇಳಿಸಿ

ಬಿಡಿಎಸ್ ಸೀಟು ಖಾಲಿ ಉಳಿದಿವೆ, ಆದ್ದರಿಂದ ನೀಟ್ ಕಟ್‌ಆಫ್ ಇಳಿಸಿ ಎಂಬ ಬೇಡಿಕೆ ತಪ್ಪು. ಕಡಿಮೆ ಅಂಕದ ಮಕ್ಕಳ ಹೆಸರಿನಲ್ಲಿ ಕೇಳಿಬರುವ ಈ ಬೇಡಿಕೆಯಿಂದ ಆ ಮಕ್ಕಳಿಗೂ ಒಳ್ಳೆಯದಾಗುವುದಿಲ್ಲ. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಖಾಸಗಿ ದಂತ ಕಾಲೇಜುಗಳಿಗೆ ತಲಾ 10 ಕೋಟಿ ರೂಪಾಯಿ ದಂಡ ಹಾಕಿದ ಮೇಲೆ ಈ ಮಾತು ನಿಲ್ಲಬೇಕಿತ್ತು. ಆದರೆ ಆ ತೀರ್ಪನ್ನೇ ತಿರುಗಿಸಿ ಓದುವವರಿದ್ದಾರೆ. ಅರ್ಹತಾ ಅಂಕವಿಲ್ಲದೆ ಸೇರಿದವರೂ ಪದವಿ ಮುಗಿಸಿದರಲ್ಲ, ಕೋರ್ಟ್ ಕೂಡ ಆ ಪದವಿಯನ್ನು ಉಳಿಸಿತಲ್ಲ, ಇನ್ನು ಕಟ್‌ಆಫ್ ಯಾತಕ್ಕೆ ಎಂಬುದು ಅವರ ಪ್ರಶ್ನೆ.

ಅಲ್ಲಿ ನಡೆದದ್ದೇ ಬೇರೆ. 2016–17ರ ಪ್ರವೇಶದ ವೇಳೆ ರಾಜಸ್ಥಾನ ಸರ್ಕಾರ ತನಗಿಲ್ಲದ ಅಧಿಕಾರ ಚಲಾಯಿಸಿ ಕಟ್‌ಆಫ್ ಅನ್ನು ಮೊದಲು 10, ಆಮೇಲೆ ಇನ್ನೂ 5 ಪರ್ಸೆಂಟೈಲ್ ಇಳಿಸಿತು. ಕಾಲೇಜುಗಳು ಅದಕ್ಕೂ ಕೆಳಗಿಳಿದು ಸೀಟು ತುಂಬಿಕೊಂಡವು. ವರ್ಷಗಟ್ಟಲೆ ಓದಿ ಪದವಿ ಪಡೆದವರನ್ನು ಬೀದಿಗೆ ತಳ್ಳಬಾರದೆಂದು ಕೋರ್ಟ್ ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿತು. ವಿಪತ್ತಿನ ಸಂದರ್ಭದಲ್ಲಿ ರಾಜ್ಯಕ್ಕೆ ಉಚಿತ ಸೇವೆ ಕೊಡುತ್ತೇವೆಂದು ಅವರಿಂದ ಪ್ರಮಾಣಪತ್ರವನ್ನೂ ಕೇಳಿತು. ವಿದ್ಯಾರ್ಥಿಗಳಿಗೆ ಸಿಕ್ಕಿದ್ದು ಕನಿಕರ, ಕಾಲೇಜುಗಳಿಗೆ ಬಿದ್ದದ್ದು ದಂಡ. ಇದನ್ನು ಕಟ್‌ಆಫ್ ಬೇಡ ಎನ್ನುವುದಕ್ಕೆ ಪುರಾವೆ ಮಾಡಿಕೊಳ್ಳಲು ಬರುವುದಿಲ್ಲ.

ಕಟ್‌ಆಫ್ ಇಳಿಸಬೇಕೆನ್ನುವವರು ಎತ್ತದ ಸಂಖ್ಯೆಯೊಂದಿದೆ. 2025ರ ನೀಟ್ ಬರೆದವರು 22.09 ಲಕ್ಷ, ಅರ್ಹತೆ ಪಡೆದವರು 12.36 ಲಕ್ಷ. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ, ಬಿಡಿಎಸ್ ಸೀಟು ಸುಮಾರು 28 ಸಾವಿರ. ಎರಡನ್ನೂ ಕೂಡಿದರೂ ಒಂದೊಂದು ಸೀಟಿಗೆ ಸುಮಾರು ಎಂಟು ಮಂದಿ ಅರ್ಹರು ಆಗಲೇ ಇದ್ದರು. ಆಯುರ್ವೇದ, ಹೋಮಿಯೊಪಥಿ ಸೀಟುಗಳನ್ನು ಲೆಕ್ಕಕ್ಕೆ ತಂದರೂ ಸೀಟಿಗೆ ನಾಲ್ಕೈದು ಮಂದಿಗೆ ಕಡಿಮೆಯಿಲ್ಲ. ಅರ್ಹರ ಕೊರತೆ ಎಲ್ಲಿದೆ?

ಈ ಪ್ರಶ್ನೆಗೆ ಕಾನೂನಿನ ತೂಕವೂ ಇದೆ. ಕನಿಷ್ಠ ಅಂಕ ಇಳಿಸುವ ಅಧಿಕಾರ ಕೇಂದ್ರಕ್ಕೆ ಬಂದಿರುವುದು ಬಿಡಿಎಸ್ ಕೋರ್ಸಿನ 2007ರ ನಿಯಮಾವಳಿಯಿಂದ. ಆಯಾ ವರ್ಗದಲ್ಲಿ ಸಾಕಷ್ಟು ಅಭ್ಯರ್ಥಿಗಳು ಕನಿಷ್ಠ ಅಂಕ ಗಳಿಸಲು ವಿಫಲರಾದಾಗ, ದಂತ ಪರಿಷತ್ತಿನೊಂದಿಗೆ ಸಮಾಲೋಚಿಸಿ, ಆ ಒಂದು ವರ್ಷಕ್ಕೆ ಮಾತ್ರ ಇಳಿಸಬಹುದು ಎನ್ನುತ್ತದೆ ಅದು. ಸೀಟು ಖಾಲಿ ಬಿದ್ದರೆ ಇಳಿಸಿ ಎಂದು ಅಲ್ಲಿಲ್ಲ. ಅಂಕ ಬಂದಿದ್ದೂ ಸೇರದೆ ಹೋದವರಿಗಾಗಿ ಈ ನಿಯಮವನ್ನು ಬರೆದಿಲ್ಲ.

ಅರ್ಹರು ಸಾಕಷ್ಟಿದ್ದಾರೆ ಎಂಬ ಈ ವಾದವನ್ನು ಕೇಂದ್ರವೇ ಒಮ್ಮೆ ಸುಪ್ರೀಂ ಕೋರ್ಟಿನಲ್ಲಿ ಮಂಡಿಸಿ ಸೋತಿತು. 2020–21ರಲ್ಲಿ ಏಳು ಸಾವಿರ ಸೀಟು ಖಾಲಿ ಉಳಿದಾಗ ದಂತ ಪರಿಷತ್ತು 20 ಪರ್ಸೆಂಟೈಲ್ ಇಳಿಸಲು ಶಿಫಾರಸು ಮಾಡಿತ್ತು. 7.71 ಲಕ್ಷ ಮಂದಿ ಅರ್ಹರಿದ್ದಾರೆ, ಸೀಟಿಗೆ ಏಳು ಮಂದಿಯಾಯಿತು ಎಂದು ಕೇಂದ್ರ ಅದನ್ನು ತಳ್ಳಿಹಾಕಿತು. ಹರ್ಷಿತ್ ಅಗರ್‌ವಾಲ್ ಪ್ರಕರಣದಲ್ಲಿ, 2021ರ ಫೆಬ್ರುವರಿ 8ರಂದು, ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರಿದ್ದ ಪೀಠ ಆ ಲೆಕ್ಕವನ್ನು ಒಪ್ಪಲಿಲ್ಲ. ಆಯುಷ್ ಮುಂತಾದ ಕೋರ್ಸುಗಳಿಗೂ ನೀಟ್ ಬೇಕು ಎಂಬುದು ಅದು ಕೊಟ್ಟ ಒಂದು ಕಾರಣ. 10 ಪರ್ಸೆಂಟೈಲ್ ಇಳಿಸಿ, ಅದೇ ತಿಂಗಳ 18ರೊಳಗೆ ಸೀಟು ತುಂಬಿ ಎಂದು ಆದೇಶವಾಯಿತು.

ಕಟ್‌ಆಫ್ ಇಳಿಸಬೇಕೆನ್ನುವವರು ಈ ತೀರ್ಪನ್ನು ಇಲ್ಲಿಯವರೆಗೆ ಮಾತ್ರ ಓದುತ್ತಾರೆ. ಇದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಸೀಟು ತುಂಬದಿರಲು ಖಾಸಗಿ ಕಾಲೇಜುಗಳ ಶುಲ್ಕ ಅಡ್ಡಿಯಾಗಿದೆ ಎಂಬ ಕೇಂದ್ರದ ವಾದ ಸರಿ, ಆಡಳಿತ ಮಂಡಳಿಗಳು ಶುಲ್ಕ ಇಳಿಸುವುದನ್ನು ಪರಿಗಣಿಸಬೇಕು ಎಂದು ಪೀಠ ಸ್ಪಷ್ಟವಾಗಿ ಬರೆಯಿತು. ಅಂಕ ಇಳಿಸುವ ಮಾತಿಗೆ ಹತ್ತು ದಿನದ ಗಡುವು ಇತ್ತು, ಶುಲ್ಕ ಇಳಿಸುವ ಮಾತಿಗೆ ಗಡುವೇ ಇರಲಿಲ್ಲ. ಮೊದಲನೆಯದು ಪೂರ್ವನಿದರ್ಶನವಾಗಿ ಉಳಿಯಿತು, ಎರಡನೆಯದನ್ನು ಯಾರೂ ನೆನೆಯುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಪರ್ಸೆಂಟೈಲ್ ಎಂಬ ಪದದ ಹಿಂದೆ ಎಷ್ಟು ಅಂಕ ಅಡಗಿದೆ ಎಂಬುದನ್ನೂ ನೋಡಬೇಕು. 50 ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಮಂದಿಯನ್ನು ಹಿಂದಿಕ್ಕಿದ ಸ್ಥಾನ; ಅದನ್ನು ನೂರಕ್ಕೆ ಐವತ್ತು ಅಂಕ ಎಂದು ನಂಬಿರುವ ಪೋಷಕರು ಇವತ್ತಿಗೂ ಬೇಕಾದಷ್ಟಿದ್ದಾರೆ. 2025ರಲ್ಲಿ ಸಾಮಾನ್ಯ ವರ್ಗದ ಕಟ್‌ಆಫ್ 720ಕ್ಕೆ 144, ಮೀಸಲು ವರ್ಗಗಳದ್ದು 113. 2022ರಲ್ಲಿ ಇವು 117 ಮತ್ತು 93 ಇದ್ದವು. ನೀಟ್‌ನಲ್ಲಿ 180 ಪ್ರಶ್ನೆ, ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. 36 ಪ್ರಶ್ನೆಗೆ ಸರಿಯಾಗಿ ಉತ್ತರಿಸಿ ಉಳಿದ 144ನ್ನು ಮುಟ್ಟದೆ ಬಿಟ್ಟರೂ 144 ಅಂಕ ಬರುತ್ತದೆ. ಪ್ರಶ್ನೆಯನ್ನು ಓದದೆ ಎಲ್ಲಕ್ಕೂ ಕಣ್ಣುಮುಚ್ಚಿ ಗುರುತು ಹಾಕಿದವರಿಗೂ ಸರಾಸರಿ 45 ಅಂಕ ಸಿಗುತ್ತದೆ. ಈಗಿರುವ ಮಿತಿಯೇ ಇಷ್ಟು ತಗ್ಗಿನಲ್ಲಿದೆ. ಸ್ನಾತಕೋತ್ತರದಲ್ಲಂತೂ ತಡೆ ಇನ್ನೂ ಸಡಿಲವಾಗಿದೆ: 2023ರ ಸೆಪ್ಟೆಂಬರ್‌ನಲ್ಲಿ ವೈದ್ಯಕೀಯ ಪಿಜಿಗೆ ಎಲ್ಲ ವರ್ಗಗಳಿಗೂ ಶೂನ್ಯ ಪರ್ಸೆಂಟೈಲ್ ಸಾಕು ಎಂದಾಯಿತು, 2024ರಲ್ಲಿ ದಂತವೈದ್ಯಕೀಯ ಪಿಜಿಯಾದ ಎಂಡಿಎಸ್‌ಗೆ 21.692 ಪರ್ಸೆಂಟೈಲ್ ಇಳಿಸಿದರು. ಮೂರು ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿದ್ದು ಯಾವ ಶೈಕ್ಷಣಿಕ ತತ್ವದ ಮೇಲೆ ಎಂದು ವಿವರಿಸುವ ಜವಾಬ್ದಾರಿ ಸರ್ಕಾರದ ಮೇಲಿದೆ.

ಕಟ್‌ಆಫ್ ಇಳಿಸಿದರೆ ಸೀಟು ಯಾರ ಕೈಗೆ ಹೋಗುತ್ತದೆ? 200 ಅಂಕ ಪಡೆದ, ಜಮೀನು ಮಾರದೆ ಶುಲ್ಕ ಕಟ್ಟಲಾರದ ರೈತನ ಮಗಳೊಬ್ಬಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸರ್ಕಾರಿ ಸೀಟು ಅವಳಿಗೆ ದಕ್ಕಲಿಲ್ಲ, ಖಾಸಗಿ ಸೀಟಿನ ದರ ನೋಡಿ ಬಿಎಸ್ಸಿಗೆ ಸೇರಿದಳು. ಅವಳು ಬಿಟ್ಟ ಸೀಟು ದಾಖಲೆಯಲ್ಲಿ ಖಾಲಿ ಸೀಟಾಯಿತು. ಅದನ್ನು ತೋರಿಸಿ ಕಟ್‌ಆಫ್ ಇಳಿಸಿದರು. ಈಗ 115 ಅಂಕದ, ಕೇಳಿದಷ್ಟು ಕಟ್ಟಬಲ್ಲ ಮನೆಯ ಹುಡುಗ ಅದರಲ್ಲಿ ಕೂರುತ್ತಾನೆ. ಸೀಟಿನ ದರದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಅದೇ ಸೀಟನ್ನು ಕಡಿಮೆ ದರಕ್ಕೆ ಕೊಡುತ್ತೀರಾ ಎಂದು ಯಾರೂ ಕೇಳದಿರುವುದು ನನ್ನನ್ನು ಕಾಡುತ್ತದೆ.

ಅಂಕವೊಂದೇ ಮಾನದಂಡವಲ್ಲ, ಅಮೆರಿಕದ ಡೆಂಟಲ್ ಸ್ಕೂಲುಗಳು ಜಿಪಿಎ (ಪದವಿಯ ಸರಾಸರಿ ಅಂಕ) ಕಡಿಮೆ ಇರುವವರನ್ನೂ ಸೇರಿಸಿಕೊಳ್ಳುತ್ತವೆ ಎಂಬ ಮಾತು ಆಗಾಗ ಬರುತ್ತದೆ. ಸೇರಿಸಿಕೊಳ್ಳುತ್ತವೆ, ನಿಜ. ಆದರೆ ಅಲ್ಲಿ ಜಿಪಿಎ ಕಡಿಮೆಯಿರುವವನು ಬೇರೆ ದಾರಿಯಲ್ಲಿ ತನ್ನನ್ನು ರುಜುವಾತು ಮಾಡಬೇಕು. ಪದವಿಯ ನಂತರ ಮತ್ತೆ ವಿಜ್ಞಾನ ವಿಷಯಗಳನ್ನು ಓದಿ ಒಳ್ಳೆಯ ಶ್ರೇಣಿ ತರುತ್ತಾನೆ, ಡೆಂಟಲ್ ಸ್ಕೂಲುಗಳ ಪ್ರವೇಶ ಪರೀಕ್ಷೆಯಾದ ಡ್ಯಾಟ್‌ನಲ್ಲಿ ಮೇಲೆ ಬರುತ್ತಾನೆ, ದಂತವೈದ್ಯರ ಜೊತೆ ನಿಂತು ಕೆಲಸ ಕಲಿತ ಅನುಭವ ತೋರಿಸುತ್ತಾನೆ. ಆ ಡ್ಯಾಟ್‌ನಲ್ಲಿ ಆಕಾರ, ಕೋನ, ಆಳಗಳನ್ನು ಗ್ರಹಿಸುವ ಶಕ್ತಿಯನ್ನು ಅಳೆಯಲೆಂದೇ 90 ಪ್ರಶ್ನೆಗಳಿವೆ. ನಮ್ಮ ಬಿಡಿಎಸ್ ಮಕ್ಕಳು ಮೊದಲ ವರ್ಷದಲ್ಲೇ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುತ್ತಾರೆ. ಪಿಯುಸಿಯ ಭೌತವಿಜ್ಞಾನದಲ್ಲಿ ಎಡವಿದ ಹುಡುಗಿಯ ಕೈ ಅಲ್ಲಿ ತರಗತಿಯಲ್ಲೇ ಅತ್ಯುತ್ತಮ ಆಗಿರಬಹುದು. ಅಂಥವಳನ್ನು ಹುಡುಕುವ ಪರೀಕ್ಷೆಯಿದ್ದರೆ ಅದರ ಪರವಾಗಿ ನಾನೇ ಬರೆಯುತ್ತೇನೆ. ಪರ್ಸೆಂಟೈಲ್ ಇಳಿಸಿದಾಗ ಅಂಕದ ಜಾಗಕ್ಕೆ ಬರುವ ಅರ್ಹತೆ ಯಾವುದು? ಹಣ ಬಿಟ್ಟು ಬೇರೆ ಯಾವುದೂ ನನಗೆ ಕಾಣುವುದಿಲ್ಲ.

ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಕಡಿಮೆ ಶುಲ್ಕದ ಸೀಟುಗಳೂ ಕೆಲವೆಡೆ ಖಾಲಿ ಉಳಿಯುತ್ತವಲ್ಲ? ಉಳಿಯುತ್ತವೆ. ಐದು ವರ್ಷ ಓದಿ ಹೊರಬಂದವರಿಗೆ ಊರಿನ ಕ್ಲಿನಿಕ್‌ನಲ್ಲಿ ಸಿಗುವ ಸಂಬಳ ಎಷ್ಟೆಂದು ಮಕ್ಕಳಿಗೆ ಗೊತ್ತಿದೆ. 2021ರ ಪ್ರಕರಣದಲ್ಲಿ ಕೇಂದ್ರ ಕೊಟ್ಟ ಅಂಕಿಯಂತೆ ದೇಶದಲ್ಲಿ 6,080 ಜನರಿಗೆ ಒಬ್ಬ ದಂತವೈದ್ಯರಿದ್ದಾರೆ. ಅದೇ ವಾದದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯದೆಂದು ಹೇಳಿದ ಮಾನದಂಡ 7,500ಕ್ಕೆ ಒಬ್ಬರು. ಹಳ್ಳಿಯಲ್ಲಿ ಹಲ್ಲು ನೋವು ಬಂದವರಿಗೆ ಈ ಸರಾಸರಿಯಿಂದ ಪ್ರಯೋಜನವಿಲ್ಲ, ವೈದ್ಯರಲ್ಲಿ ಹೆಚ್ಚಿನವರು ನಗರದಲ್ಲಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹುದ್ದೆ ಸೃಷ್ಟಿಸದೆ ಕಾಲೇಜಿನ ಬೆಂಚು ತುಂಬಿಸಿದರೆ ಅವರು ಹಳ್ಳಿಗೆ ಬರುವುದಿಲ್ಲ. ಕಡಿಮೆ ದರಕ್ಕೂ ಬೇಡವಾದ ಸೀಟಿದ್ದರೆ ಆ ಕಾಲೇಜಿನ ಸೀಟುಗಳ ಸಂಖ್ಯೆಯನ್ನೇ ತಗ್ಗಿಸಬೇಕು.

ಶುಲ್ಕಕ್ಕೆ ಕೈ ಹಾಕಲು ಅಧಿಕಾರವಿಲ್ಲ ಎನ್ನುವ ಹಾಗೂ ಇಲ್ಲ. ಖಾಸಗಿ ಕಾಲೇಜುಗಳ ಪ್ರವೇಶ, ಶುಲ್ಕ ಎರಡನ್ನೂ ರಾಜ್ಯಗಳು ನಿಯಂತ್ರಿಸಬಹುದು ಎಂದು ಸಂವಿಧಾನ ಪೀಠ 2016ರಲ್ಲಿ ಎತ್ತಿಹಿಡಿದದ್ದು ಮಾಡರ್ನ್ ಡೆಂಟಲ್ ಕಾಲೇಜು ಪ್ರಕರಣದಲ್ಲೇ. 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಖಾಸಗಿ ಕಾಲೇಜುಗಳ ಅರ್ಧದಷ್ಟು ಸೀಟುಗಳ ಶುಲ್ಕಕ್ಕೆ ಮಾರ್ಗಸೂಚಿ ರೂಪಿಸುವ ಹೊಣೆಯನ್ನು ಆಯೋಗಕ್ಕೆ ವಹಿಸಿದೆ. ದೇಶದಲ್ಲಿ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳ ಪೈಕಿ ನಮ್ಮ ಕರ್ನಾಟಕವೂ ಒಂದು. ಶುಲ್ಕದ ವಿಚಾರದಲ್ಲಿ ಕಾಲೇಜುಗಳ ಒಕ್ಕೂಟದೊಂದಿಗೆ ಕೂತು ಒಪ್ಪಂದ ಮಾಡಿಕೊಳ್ಳುವ ರೂಢಿಯೂ ಇಲ್ಲಿದೆ.

ಆ ಒಪ್ಪಂದಕ್ಕೆ ಈ ಬಾರಿ ಒಂದು ಷರತ್ತು ಸೇರಿಸಲಿ. ಕೊನೆಯ ಸುತ್ತಿಗೆ ಮೊದಲು, ಖಾಲಿ ಉಳಿದ ಪ್ರತಿ ಸೀಟನ್ನೂ ಅದರ ಶುಲ್ಕದ ಸಮೇತ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪ್ರಕಟಿಸಬೇಕು. ಆ ಸೀಟನ್ನು ಸರ್ಕಾರಿ ಕೋಟಾದ ದರದಲ್ಲಿ, ಈಗಾಗಲೇ ಅರ್ಹರಾಗಿ ಕಾದಿರುವವರಿಗೆ ರ‍್ಯಾಂಕ್ ಪ್ರಕಾರ ಕೊಡಲು ಕಾಲೇಜು ಒಪ್ಪಬೇಕು. ಒಪ್ಪದ ಕಾಲೇಜಿನ ಖಾಲಿ ಸೀಟನ್ನು ಕಟ್‌ಆಫ್ ಇಳಿಸಬೇಕೆನ್ನುವ ಯಾವ ಲೆಕ್ಕಕ್ಕೂ ರಾಜ್ಯ ಸೇರಿಸಕೂಡದು, ದೆಹಲಿಗೆ ಬರೆಯುವ ಪತ್ರದಲ್ಲೂ ಕಾಣಿಸಕೂಡದು.